ಹಾಲಮಡುವಿನ ದಾರಿ

"ಜಲ್ದಿ ನಡಿ!" ಉಮಾಕಾಂತ ಹಿಂದಕ್ಕೆ ತಿರುಗಿ ಗದರಿದ. "ಮಡು ನೋಡಬೇಕು ಅಂತ ಹಟ ಹಿಡಿದಾಕಿ ನೀನೇ."

ಸೌಮ್ಯಾ ನಿಂತಳು. ಚಪ್ಪಲಿಗೆ ಚುಚ್ಚಿದ್ದ ಬಾರಿಮುಳ್ಳನ್ನು ಕಿತ್ತೆಸೆದು ಮತ್ತೆ ನಡೆದಳು.

ಮೇ ತಿಂಗಳ ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ತಾಂಡೂರಿನಿಂದ ತಂದ ಜೀಪನ್ನು ನೆಲಕ್ಕೆ ಹಾಸುವ ಪರಸಿಕಲ್ಲಿನ ಹಳೇ ಗಣಿಯ ಹತ್ತಿರ ಬಿಟ್ಟು ಮೂವರೂ ಕುರುಚಲು ಕಾಡಿನ ಕಾಲುದಾರಿ ಹಿಡಿದಿದ್ದರು. ಸೀತಾಫಲದ ಗಿಡಗಳಲ್ಲಿ ಎಲೆ ಇರಲಿಲ್ಲ, ಹಳ್ಳದಲ್ಲಿ ಹನಿ ನೀರಿರಲಿಲ್ಲ. ಆದರೆ ಹಳ್ಳದ ತಿರುವಿನಲ್ಲಿ, ಬಂಡೆಗಳ ಸಂದಿಯಲ್ಲಿ, ಎಂಥ ಬೇಸಿಗೆಗೂ ಬತ್ತದ ಹಾಲಮಡು ಇತ್ತು.

ಬುತ್ತಿಯ ಚೀಲ ಹೊತ್ತು ಕೊನೆಯಲ್ಲಿ ಬರುತ್ತಿದ್ದವನು ದತ್ತು. ಉಮಾಕಾಂತನ ಬಾಲ್ಯದ ಗೆಳೆಯ. ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬೆಳೆದವನು. ಇವತ್ತು ಮಾತ್ರ ಬರುವುದಿಲ್ಲವೆಂದು ತಕರಾರು ತೆಗೆದಿದ್ದ. ಉಮಾಕಾಂತ ಬೈದು ಜೀಪು ಹತ್ತಿಸಿದ್ದ.

ತಕರಾರಿಗೆ ಕಾರಣವಿತ್ತು. ಸೌಮ್ಯಾ ಉಮಾಕಾಂತನ ಎರಡನೇ ಹೆಂಡತಿ. ಮೊದಲನೆಯವಳು, ನೇಹಾ, ಎರಡು ಬೇಸಿಗೆಯ ಹಿಂದೆ ಇದೇ ಮಡುವಿನಲ್ಲಿ ಮುಳುಗಿ ಸತ್ತಿದ್ದಳು. ಕಾಲು ಜಾರಿದ್ದನ್ನು ಕಣ್ಣಾರೆ ಕಂಡೆನೆಂದು ಪೊಲೀಸರಿಗೆ ಹೇಳಿದವನು ದತ್ತು.

ಹಿರಿಯರು ಈ ಸಂಬಂಧ ಎತ್ತಿದಾಗ ತವರೂರು ನ್ಯಾಲ್ಕಲ್‌ನಲ್ಲಿ ಸೌಮ್ಯಾಳ ತಾಯಿ ಅಡುಗೆಮನೆ ಬಿಟ್ಟು ಹೊರಗೇ ಬಂದಿರಲಿಲ್ಲ. ಸೌಮ್ಯಾ ಮಾತ್ರ ಒಂದೇ ಮಾತಿಗೆ ಹೂಂ ಎಂದಿದ್ದಳು. ಆ ಹೂಂ ಉಮಾಕಾಂತನ ಮೀಸೆಗೆ ತುಪ್ಪ ಸವರಿದಂತಾಗಿತ್ತು. ಲಂಗ ತೊಡುವ ವಯಸ್ಸಿನಿಂದ ಅವಳನ್ನು ನೋಡಿದ್ದ. ಪುಕ್ಕಲು ಹುಡುಗಿ, ಹೇಳಿದಂತೆ ಕೇಳಿಕೊಂಡಿರುತ್ತಾಳೆ ಎಂದುಕೊಂಡಿದ್ದ.

"ಮಾಮಾ, ಅಕ್ಕ ಯಾವ ಬಂಡೆಗಲ್ಲಿನ ಮ್ಯಾಲಿಂದ ಜಾರಿದ್ಳು?" ಸೌಮ್ಯಾ ಕೇಳಿದಳು.

"ಮಾಮಾ ಅನ್ನಬ್ಯಾಡ ಅಂತ ಎಷ್ಟ್ ಸಲ ಹೇಳಬೇಕು ನಿನಗ? ಗಂಡ ಇದೀನಿ ನಾ." ಅವನು ಕೈಯಲ್ಲಿದ್ದ ಕೋಲಿನಿಂದ ಮುತ್ತುಗದ ಗಿಡಕ್ಕೆ ಬೀಸಿ ಹೊಡೆದ. "ಸತ್ತಾಕಿ ಸುದ್ದಿ ತಗೀಬ್ಯಾಡ."

"ಆತು ಬಿಡ್ರಿ. ಅಲ್ಲಿ ಹೋದ ಮ್ಯಾಲೆ ಕೇಳ್ತೀನಿ."

ಅವನ ಕಿವಿ ಕೆಂಪಾಯಿತು. ಮುಂದೆ ದಾರಿಯುದ್ದಕ್ಕೂ ಅವನು ಬೈಯುತ್ತಲೇ ನಡೆದ. ಬಿಸಿಲನ್ನು, ದತ್ತುವಿನ ನಿಧಾನವನ್ನು, ಅವಳ ತವರನ್ನು. ಸೌಮ್ಯಾ ತುಟಿ ಕಚ್ಚಿ ಹಿಂಬಾಲಿಸಿದಳು. ಅವಳ ಮುಖದಲ್ಲೂ ಸಿಟ್ಟು ಕುದಿಯುತ್ತಿತ್ತು, ಆದರೆ ಅವನು ತಿರುಗಿ ನೋಡಲಿಲ್ಲ.

ಮಡು ಬಂತು. ಚಪ್ಪಟೆ ಬಂಡೆಯೊಂದು ಮಾಡಿನಂತೆ ನೀರಿನ ಮೇಲೆ ಚಾಚಿಕೊಂಡಿತ್ತು. ಕೆಳಗೆ ಹಸಿರು ನೀರು, ತಳ ಕಾಣದಷ್ಟು ಆಳ. ಸೌಮ್ಯಾ ನೇರವಾಗಿ ಬಂಡೆಯ ತುದಿಗೆ ಹೋಗಿ ನಿಂತಳು.

"ನೀರಂದ್ರ ಅಂಜಿಕಿ ಅಂತಿದ್ದಿ. ಈಗೆಲ್ಲಿ ಹೋತು ಅಂಜಿಕಿ?" ಉಮಾಕಾಂತ ಹಂಗಿಸಿದ.

ಅವಳು ಅವನತ್ತ ನೋಡಲಿಲ್ಲ. "ದತ್ತಣ್ಣಾ, ನೀವು ಕಣ್ಣಾರೆ ನೋಡೀರಿ. ಅಕ್ಕಂದು ಯಾವ ಕಾಲು ಜಾರ್ತು?"

"ಬಲಗಾಲು," ಎಂದ ದತ್ತು.

"ಎಡಗಾಲು," ಎಂದ ಉಮಾಕಾಂತ, ಅದೇ ಹೊತ್ತಿಗೆ.

ಸೌಮ್ಯಾ ನಕ್ಕಳು. ಜೋರಾಗಿ, ಬಂಡೆಗಳಿಗೆ ಬಡಿದು ಮರಳುವ ಹಾಗೆ. ಆ ನಗು ಅವನಿಗೆ ತಡೆಯಲಾಗಲಿಲ್ಲ. "ನನಗ ನಗ್ತೀ ಏನು?" ಎನ್ನುತ್ತ ನುಗ್ಗಿದವನೇ ಎರಡೂ ಕೈಯಿಂದ ಅವಳ ಬೆನ್ನಿಗೆ ನೂಕಿದ.

ಅವಳು ಚೀರಲೂ ಇಲ್ಲ. ನೀರು ಸಿಡಿಯಿತು. ಅಲೆಗಳು ದಂಡೆಗೆ ಬಂದು ಬಡಿದವು. ಗುಳ್ಳೆ ಎದ್ದವು, ಒಡೆದವು, ನಿಂತವು. ನೀರು ಮತ್ತೆ ಗಾಜಿನಂತೆ ಮಲಗಿತು.

"ಉಮಾಕಾಂತಾ! ಮ್ಯಾಲೆ ಬರವಲ್ಲಳಲ್ಲೋ!" ದತ್ತು ಚೀಲ ಎಸೆದು ಓಡಿಬಂದ. "ಇಳಿಯೋ! ನನಗ ಈಜು ಬರಂಗಿಲ್ಲ, ನೀನರ ಇಳಿ!"

ಉಮಾಕಾಂತ ಅತ್ತಿತ್ತ ನೋಡಿದ. ಕಾಡಿನಲ್ಲಿ ಯಾರೂ ಇರಲಿಲ್ಲ. ನಿಧಾನವಾಗಿ ಎರಡು ಹೆಜ್ಜೆ ಹಿಂದೆ ಸರಿದು ಬಂಡೆಯ ಮೇಲೆ ಕುಳಿತ. ಎದೆ ಇನ್ನೂ ಏರಿಳಿಯುತ್ತಿತ್ತು.

"ಗಪ್ ಆಗು. ಹೋದ ಸಲ ಹೇಳಿದಂಗೇ ಹೇಳು. ಕಾಲು ಜಾರ್ತು, ಮುಳುಗಿದ್ಳು, ಆತು."

ದತ್ತು ಅವನನ್ನೇ ನೋಡುತ್ತ ನಿಂತ. ಎಂದೂ ಇಲ್ಲದ್ದು, ಅವನ ಕೈ ಉಮಾಕಾಂತನ ಕೊರಳಪಟ್ಟಿಗೆ ಹೋಯಿತು.

"ಜಾರ್ತು ಅಂತೀ ಏನಲೇ? ನೇಹಾ ಈಜಿ ದಂಡಿಗಿ ಬಂದಿದ್ಳು! ಕಲ್ಲು ಹಿಡಕೊಂಡು 'ಕೈ ಕೊಡ್ರಿ' ಅಂದ್ಳು! ನೀ ಕಾಲಿಲೆ ಒತ್ತಿದಿ, ಉಸಿರು ಹೋಗೋತನಕ ಒತ್ತಿದಿ! ನಾ ಬಾಯಿ ಮುಚಕೊಂಡೆ. ಇನ್ನೊಮ್ಮೆ ಮುಚ್ಚಂಗಿಲ್ಲ. ಕೊಂದರೂ ಮುಚ್ಚಂಗಿಲ್ಲ!"

"ಅಷ್ಟು ಹೇಳಿದ್ರ ಸಾಕು, ದತ್ತಣ್ಣಾ."

ಮಾತು ಅವರ ಕಾಲ ಕೆಳಗಿನಿಂದ ಬಂದಿತ್ತು. ಬಂಡೆಯ ಮಾಡಿನಡಿ ಕತ್ತಿನವರೆಗೆ ನೀರಿನಲ್ಲಿ ಕಲ್ಲು ಹಿಡಿದು ತೇಲುತ್ತಿದ್ದ ಸೌಮ್ಯಾ ಹೊರಗೆ ಜಾರಿ, ಕೈ ಬೀಸಿ ಈಜುತ್ತ ಆಚೆ ದಂಡೆ ಸೇರಿದಳು. ಅಲ್ಲಿಗೆ ಉಮಾಕಾಂತನ ಕಾಲು ಮುಟ್ಟುವಂತಿರಲಿಲ್ಲ. ಸೀರೆಯಿಂದ ನೀರು ಸುರಿಯುತ್ತಿತ್ತು.

"ಈ ಮಾತು ಠಾಣೆದಾಗ ಹೇಳ್ತೀರೇನು?"

"ಹೇಳ್ತೀನಿ ತಂಗಿ," ಎಂದು ದತ್ತು ಒಣ ಹಳ್ಳ ದಾಟಿ ಅವಳ ಕಡೆಗೆ ಹೋಗಿ ನಿಂತ.

ಉಮಾಕಾಂತ ಬಂಡೆಯಿಂದ ಎದ್ದ. "ನೀರಂದ್ರ ಅಂಜಿಕಿ ಅಂತ ಸುಳ್ಳು ಹೇಳಿದಿ. ಅದಕ್ಕ ಲಗ್ನ ಆದಿ ಏನು ನನ್ನ?"

"ಹೂಂ, ಅದಕ್ಕ," ಎಂದಳು ಸೌಮ್ಯಾ. "ನಮ್ಮಪ್ಪ ಒಂದೇ ಬಾವ್ಯಾಗ ಒಂದೇ ದಿನ ಇಬ್ಬರನ್ನೂ ಈಜಿಗಿ ಇಳಿಸಿದ್ದ. ನನ್ನ, ಮತ್ತ ನನ್ನ ಒಡಹುಟ್ಟಿದ ಅಕ್ಕ ನೇಹಾನ್ನ."