ಬಾಗಿಲಲ್ಲೇ ಕುಳಿತ ಗೈಡು

ಕಲ್ಲಗನೂರಿನ ಹಳೇ ಪೇಟೆಯ ಬೀದಿಗಳಿಗೊಂದು ರೂಢಿಯಿತ್ತು. ನಡೆದುಹೋದವರಿಂದ ಒಂದು ನೆನಪನ್ನು ಸುಂಕವಾಗಿ ಇಟ್ಟುಕೊಳ್ಳುತ್ತಿದ್ದವು. ಅದೂ ಎದೆಗೆ ಬಿಗಿಯಾಗಿ ಅವಚಿಕೊಂಡ ನೆನಪನ್ನೇ. ಗೈಡನ್ನು ಕರೆದುಕೊಂಡು ಹೋದವರ ನೆನಪಿನ ಬದಲು ಗೈಡಿನ ನೆನಪು ಹೋಗುತ್ತಿತ್ತು.

ಗುರಸಿದ್ಧವ್ವ ಎಣ್ಣೆಗಿಂಡಿ ಹಿಡಿದು ಪೇಟೆಯ ಕೋಟೆಬಾಗಿಲಲ್ಲಿ ನಿಂತಿದ್ದಳು. ತೀರಿಹೋದ ಮಗಳ ಹೆಸರಲ್ಲಿ ಒಳಗಿನ ಗುಡಿಯಲ್ಲಿ ದೀಪ ಹಚ್ಚುವ ಹರಕೆ ಅವಳದು. ಆದರೆ ಮಗಳ ದನಿಯನ್ನೇ ಬೀದಿ ಕಸಿದುಕೊಂಡರೆ? ಬೇರೇನಾದರೂ ನೆನೆಯೋಣವೆಂದರೆ ಆ ದನಿಯೇ ಇನ್ನಷ್ಟು ಹತ್ತಿರ ಬರುತ್ತಿತ್ತು.

"ನಾ ಬರ್ತೀನ್ರೀ ಅವ್ವಾರ," ಎಂದ ಗೈಡು ದಸ್ತಗೀರ. "ಹೋದ್ರ ನಂದು ಹೋಗತೈತಿ."

"ನಿನಗ ಮಕ್ಕಳೆಷ್ಟೋ ತಮ್ಮಾ?"

ದಸ್ತಗೀರ ತಲೆ ಕೆರೆದುಕೊಂಡ. "ಮನಿಗೆ ಹೋದ್ರ ಅವೇ ಓಡಿ ಬರ್ತಾವ್ರಿ. ಆವಾಗ ಎಣಿಸ್ಕೋತೀನಿ," ಎಂದು ನಕ್ಕ.

ಅವಳಿಗೆ ನಗು ಬರಲಿಲ್ಲ. ಶಿವಶಿವಾ ಎನ್ನುತ್ತ ಅವನೆದುರು ಕಟ್ಟೆಯ ಮೇಲೆ ಕುಳಿತಳು.

"ಕೇಳು. ನಾ ಒಲಿ ಮುಂದ ಕುಂತಾಗೆಲ್ಲ ನನ್ನ ಮಗಳು ಗಂಗಿ, 'ಯವ್ವಾ, ರೊಟ್ಟಿಗೆ ಮತ್ತ ಕಾಡಿಗಿ ಹಚ್ಚಿದೇನ?' ಅಂತ ಅಣಕಿಸ್ತಿದ್ಲು. ಹಂಗ ಅಂದು ತೋರಿಸು."

ಅವನು ಅಂದ.

"ಇನ್ನೊಂಚೂರು ರಾಗ ಎಳಿ."

ಮತ್ತೆ ಅಂದ. ಅವಳ ಕಣ್ಣು ತುಂಬಿತು. ಗೈಡಿನ ಕೂಲಿಯನ್ನು ಅವನ ಕೈಗಿಟ್ಟಳು.

"ನಡೀರಿ ಹಂಗಾರ," ಎಂದು ಅವನೆದ್ದ.

"ನೀ ಏಳಬ್ಯಾಡ. ಹೋದ್ರ ನಂದೇ ಹೋಗಲಿ. ನಾ ತಿರುಗಿ ಬರೋತನಕ ಯಾರ ಜೋಡಿನೂ ಒಳಗ ಹೋಗಬ್ಯಾಡ. ಬಂದಮ್ಯಾಲೆ ನನ್ನ ಮುಂದ ಹಂಗ ಅನ್ನು. ನಾನs 'ಯಾವ ಗಂಗಿ?' ಅಂತ ಕೇಳಿದ್ರೂ ಬಿಡಬ್ಯಾಡ, ಅನ್ನು."

ಅವಳು ಒಬ್ಬಳೇ ಬೀದಿಗಿಳಿದಳು. ಹಿಂದೆ ದಸ್ತಗೀರ ಕಣ್ಣು ಮುಚ್ಚಿ, ರೊಟ್ಟಿಯ ಆ ಮಾತನ್ನೇ ಜಪದಂತೆ ರಾಗ ಎಳೆದು ಅನ್ನುತ್ತ ಕುಳಿತಿದ್ದ.