ಬ್ಯಾಚ್ ನಂಬರ್ ಇಲ್ಲದ ಹಿಟ್ಟು

ಡಬ್ಬದ ಮೇಲಿದ್ದ ಬ್ಯಾಚ್ ನಂಬರ್ ರಿಜಿಸ್ಟರಿನ ನಂಬರಿಗೆ ಸರಿಹೊಂದಿತು. ಜ್ಯೋತಿಲಕ್ಷ್ಮಿ ಟಿಕ್ ಹಾಕಿ, ಯಾವುದಕ್ಕೂ ಇರಲಿ ಎಂದು ಮುಚ್ಚಳ ತೆರೆದರು. ಬೆಳ್ಳಗಿರಬೇಕಾದ ಪ್ರೋಟೀನ್ ಪುಡಿ ಕಂದುಬಣ್ಣಕ್ಕಿತ್ತು. ಹುರಿದ ರಾಗಿ, ಬೆಲ್ಲ, ಏಲಕ್ಕಿಯ ವಾಸನೆ ಕೋಣೆಯ ತುಂಬ ಹರಡಿತು.

"ಅರ್ಪಿತ, ಏನಮ್ಮ ಇದು?"

ಅರ್ಪಿತ ಬಗ್ಗಿ ನೋಡಲೇ ಇಲ್ಲ, ಮೂಗಿಗೇ ಗೊತ್ತಾಗಿತ್ತು. "ನಮ್ಮಜ್ಜಿ ಮಾಡೋ ಹುರಿಟ್ಟು, ಮೇಡಮ್" ಎಂದಳು. ಹೆದರಿಕೆಯಲ್ಲೂ ಬಾಯಲ್ಲಿ ನೀರೂರಿತು, ನಾಚಿಕೆಗೆಟ್ಟ ನಾಲಿಗೆ.

ಅರ್ಪಿತ ಎಂಟುನೂರು ಮೀಟರ್ ಓಟಗಾರ್ತಿ. ದೇವನಹಳ್ಳಿ ಹೊರವಲಯದ ಈ ತರಬೇತಿ ಕೇಂದ್ರದಿಂದ ಅವಳ ಊರು ಕುಂದಾಣಕ್ಕೆ ಒಂದೇ ಬಸ್ಸು. ಆದರೂ ಎರಡು ದಿನದ ರಜೆ ಸಿಕ್ಕಿದ್ದು ಎಂಟು ತಿಂಗಳ ಮೇಲೆ. ಈ ಡಬ್ಬವನ್ನು ಜೊತೆಗೇ ಊರಿಗೆ ಒಯ್ದಿದ್ದವಳು ಈಗಷ್ಟೇ ಮರಳಿದ್ದಳು. ಇನ್ನು ಹನ್ನೊಂದು ದಿನಕ್ಕೆ ರಾಷ್ಟ್ರೀಯ ಟ್ರಯಲ್ಸ್. ಇಲ್ಲಿನ ಓಟಗಾರರ ಬಾಯಿಗೆ ಹೋಗುವ ಪ್ರತಿ ಚಮಚಕ್ಕೂ ಜ್ಯೋತಿಲಕ್ಷ್ಮಿಯೇ ಜವಾಬ್ದಾರಿ. ಲ್ಯಾಬಿನಲ್ಲಿ ಪರೀಕ್ಷೆಯಾದ ಡಬ್ಬಗಳು ಮಾತ್ರ ಅವರ ಬೀರುವಿನಲ್ಲಿರುತ್ತವೆ, ಬೀಗದ ಕೈ ಅವರ ಕೊರಳಲ್ಲಿ. ಹೋದ ವರ್ಷ ಇಲ್ಲಿನ ಹುಡುಗಿಯೊಬ್ಬಳು ಮದುವೆಮನೆಯಲ್ಲಿ ಯಾರೋ ಕೊಟ್ಟ ನೋವಿನ ಪುಡಿ ನೆಕ್ಕಿ, ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ಓಟವನ್ನೇ ಕಳೆದುಕೊಂಡಿದ್ದಳು.

"ಇದನ್ನ ತಿಂದ್ಯಾ?"

"ಇಲ್ಲ ಮೇಡಮ್, ದೇವರಾಣೆ. ಇವತ್ತು ಬೆಳಿಗ್ಗೆ ಊರಲ್ಲಿ ಕೂಡ ಇದೇ ಡಬ್ಬದಲ್ಲಿ ಇಲ್ಲಿ ಕೊಟ್ಟ ಪುಡೀನೇ ಇತ್ತು. ಅದನ್ನೇ ಕುಡ್ದಿದ್ದೀನಿ."

"ಅಜ್ಜಿಗೆ ಫೋನ್ ಮಾಡು. ಏನೇನು ಹಾಕಿದಾರೆ ಅಂತ ಬರ್ಕೋಬೇಕು. ಸ್ಪೀಕರ್ ಹಾಕು."

ಫೋನ್ ಎತ್ತಿದ ಅಮ್ಮಯಮ್ಮ ಹಲೋ ಕೂಡ ಅನ್ನಲಿಲ್ಲ. "ತಿಂದ್ಯಾ ಮಗಾ?"

"ಅಜ್ಜಿ, ಡಬ್ಬಕ್ಕೆ ಏನು ತುಂಬಿದೀಯ?"

ಅಮ್ಮಯಮ್ಮ ಗೆದ್ದವರಂತೆ ನಕ್ಕರು. "ಅವ್ರಿಗೆ ಗೊತ್ತಾಗ್ಲಿಲ್ಲ ತಾನೆ? ಹೋದ್ಸಲ ನನ್ ಸ್ಟೀಲ್ ಡಬ್ಬಾನ ಗೇಟಲ್ಲೇ ವಾಪಸ್ ಕಳಿಸಿದ್ರಲ್ಲ. ಆ ಚೀಟಿ ಅಂಟಿರೋ ಡಬ್ಬ ಆದ್ರೆ ಒಳಗೆ ಬಿಡ್ತಾರೆ ಅಂತ ನೀನೇ ಅಂದಿದ್ದೆ. ನೀನು ಸ್ನಾನಕ್ಕೆ ಹೋದಾಗ ಬದಲಾಯಿಸ್ಬುಟ್ಟೆ."

"ಅದರಲ್ಲಿದ್ದ ಪುಡಿ?"

"ಅದಾ? ಬೂಸಾ ಜೊತೆ ಕಲಸಿ ಹಸುಗೆ ಇಕ್ದೆ. ನಾಕು ದಿನದಿಂದ ಮೇವು ಮುಟ್ಟಿರ್ಲಿಲ್ಲ ಮುಂಡೇದು, ಬಕೇಟೆಲ್ಲ ನೆಕ್ಕಿಬಿಡ್ತು."

ದೇಶದ ಓಟಗಾರರಿಗೆಂದೇ ಪರೀಕ್ಷೆಯಾಗಿ ಬಂದ ಪುಡಿ ಕುಂದಾಣದ ಹಸುವಿನ ಹೊಟ್ಟೆ ಸೇರಿತ್ತು. ಇದನ್ನು ರಿಜಿಸ್ಟರಿನ ಯಾವ ಕಾಲಮ್ಮಿನಲ್ಲಿ ಬರೆಯುವುದೋ ತಿಳಿಯದೆ ಜ್ಯೋತಿಲಕ್ಷ್ಮಿ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಕೊನೆಗೆ ‘ಚೆಲ್ಲಿಹೋಗಿದೆ’ ಎಂದು ಬರೆದು, ನಗು ನುಂಗಿಕೊಂಡು ಫೋನಿನತ್ತ ಬಾಗಿದರು.

"ಅಜ್ಜಿ, ಹುರಿಹಿಟ್ಟಿಗೆ ಏನೇನು ಹಾಕಿದ್ದೀರಿ?"

"ನೀವ್ಯಾರಮ್ಮ?"

"ಇವಳ ಊಟ ನೋಡ್ಕೊಳ್ಳೋಳು."

ಹದಿನಾರು ವರ್ಷ ಆ ಕೆಲಸ ಅಮ್ಮಯಮ್ಮನದಾಗಿತ್ತು. ಅವರು ಮೆಲ್ಲಗೆ, ತಪ್ಪೊಪ್ಪಿಕೊಳ್ಳುವಂತೆ ಹೇಳಿದರು: "ರಾಗಿ, ಹುರ್ಗಡ್ಲೆ, ಬೆಲ್ಲ, ಏಲಕ್ಕಿ. ಅಷ್ಟೇ ಕಣಮ್ಮ. ಇನ್ನೊಂದು ಚಿಟಿಕೆ ದೊಡ್ಡಬೆಳವಂಗಲದ ಪಂಡಿತ್ರು ಕೊಟ್ಟಿದ್ದು. ಇವಳ ಮಂಡಿನೋವಿಗೆ."

"ಅದರಲ್ಲಿ ಏನಿದೆ?"

"ಅದ್ನ ಅವ್ರು ಕಟ್ಕೊಂಡ ಹೆಂಡ್ತಿಗೂ ಹೇಳಿಲ್ವಂತೆ."

ಒಂದೇ ಒಂದು ಚಮಚ ತಿನ್ನುತ್ತೇನೆ ಎಂದು ಮೇಡಮ್ಮನ್ನು ಬೇಡಿಕೊಳ್ಳಲು ಅರ್ಪಿತ ಆಗಲೇ ಮನಸ್ಸಿನಲ್ಲಿ ಮಾತು ಜೋಡಿಸಿದ್ದಳು. ಈಗ ಆ ಮಾತನ್ನು ಅಲ್ಲೇ ನುಂಗಿದಳು. ಆಸೆಯನ್ನು ಮಾತ್ರ ನುಂಗಲಾಗಲಿಲ್ಲ. ಅಜ್ಜಿ ಒಲೆ ಮುಂದೆ ಕೂತು ಬೆವರು ಒರೆಸಿಕೊಳ್ಳುತ್ತ ಹುರಿದದ್ದು, ಬಿಸಿಹಾಲಿಗೆ ಕಲಸಿ ಉಂಡೆ ಕಟ್ಟಿ ಬಾಯಿಗಿಡುತ್ತಿದ್ದದ್ದು ಎಲ್ಲ ಒಟ್ಟಿಗೆ ನೆನಪಾಯಿತು.

ಜ್ಯೋತಿಲಕ್ಷ್ಮಿ ಡಬ್ಬವನ್ನು ಮೂಲೆಯ ಸಿಂಕಿನ ಕಡೆ ತೋರಿಸಿದರು. "ನನ್ನೆದುರಿಗೇ ಸುರಿದುಬಿಡಮ್ಮ. ಬೇಜಾರು ಮಾಡ್ಕೋಬೇಡ."

ನೀರು ಬಿದ್ದ ಹಿಟ್ಟು ಸುಲಭಕ್ಕೆ ಹೋಗಲಿಲ್ಲ, ಗಂಟುಗಂಟಾಗಿ ಸಿಂಕಿನ ಬಾಯಿಗೆ ಕಚ್ಚಿಕೊಂಡಿತು. ಅರ್ಪಿತ ಬೆರಳಿನಿಂದ ಒಂದೊಂದೇ ಗಂಟು ಒಡೆದು ಕೆಳಗೆ ತಳ್ಳಿದಳು. ಕೊನೆಯ ಗಂಟು ಹೋದರೂ ಅವಳು ಕೈ ಹಿಂದೆಗೆದುಕೊಳ್ಳಲಿಲ್ಲ.

"ಕೈ ಸೋಪು ಹಾಕಿ ತೊಳ್ಕೋ" ಎಂದರು ಜ್ಯೋತಿಲಕ್ಷ್ಮಿ. ಹೇಳಿ ಮುಖ ಆಚೆ ತಿರುಗಿಸಿದರು.

ಮೇಜಿನ ಮೇಲೆ ಫೋನು ಇನ್ನೂ ಚಾಲೂ ಇತ್ತು. "ನೀರಿನ ಸದ್ದು ಕೇಳ್ತೈತೆ. ಚೆಲ್ತಾ ಇದೀಯ ಮಗಾ?"

"ಹೂಂ ಅಜ್ಜಿ."

"ಚೆಲ್ಲು ಚೆಲ್ಲು. ನಿಂಗೆ ತೊಂದ್ರೆ ಅಂದ್ಮೇಲೆ ಯಾತಕ್ಕದು." ಅಮ್ಮಯಮ್ಮ ಮಾತು ಬದಲಿಸಿದರು. "ಮತ್ತೆ ಯಾವಾಗ ಬರ್ತೀಯ?"

"ಟ್ರಯಲ್ಸ್‌ನಲ್ಲಿ ಗೆದ್ರೆ ದೊಡ್ಡ ಕ್ಯಾಂಪು ಅಜ್ಜಿ. ದೂರ. ಒಂದು ವರ್ಷನೇ ಆಗ್ಬೋದು."

"ಸೋತ್ರೆ?"

"ಸೋತ್ರೆ ಮನೆಗೇ."

ಊರಿಗೆಲ್ಲ ಮೊಮ್ಮಗಳ ಪದಕ ತೋರಿಸಿಕೊಂಡು ಓಡಾಡುವವರು ಅಮ್ಮಯಮ್ಮ. ಈಗ, ಪಕ್ಕದಲ್ಲಿ ಯಾರಿಗಾದರೂ ಕೇಳಿಸೀತು ಎನ್ನುವಂತೆ ದನಿ ತಗ್ಗಿಸಿದರು.

"ಹಂಗಾದ್ರೆ ಒಂದೇ ಒಂದ್ಸಲ ಸೋತ್ ಬಾ ಮಗಾ. ಹೊಟ್ಟೆ ತುಂಬ ಇಕ್ತೀನಿ."