ಬರುವುದಕ್ಕೊಂದು ಕಾರಣ

ಮೀನು ಗೋರುವ ಬಿದಿರಿನ ಬುಟ್ಟಿ ಹಿಡಿದು ಮುದುಕ ಸಿಂಗ್‌ಖಾಮ್ ಮೊಣಕಾಲುದ್ದ ನೀರಿಗಿಳಿದಾಗ, ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕರು. ನಗದೆ ಇನ್ನೇನು? ತಪ್ಪಿಹೋದ ಜೀವವನ್ನು ಹಾಡಿ ಕರೆಯುವುದು ಗಂಡಸರ ಕೆಲಸ, ನೀರಿನಿಂದ ಗೋರಿ ತರುವುದು ಹೆಂಗಸರದು. ನಲವತ್ತು ವರ್ಷ ಅವನು ಹಾಡಿದ್ದ, ಹೆಂಡತಿ ಒನ್‌ಸೀ ಗೋರಿದ್ದಳು. ಇವತ್ತು ಗೋರಬೇಕಾಗಿದ್ದು ಒನ್‌ಸೀಯ ಜೀವವನ್ನೇ.

ಅವಳು ದಡದ ಚಾಪೆಯ ಮೇಲೆ ಕೂತಿದ್ದಳು. ಮನುಷ್ಯರ ಮೈಯಲ್ಲಿ ಮೂವತ್ತೆರಡು ಜೀವಗಳಿರುತ್ತವಲ್ಲ, ಅದರಲ್ಲಿ ಒಂದೇ ಒಂದು ಹೆದರಿ ಹೊರಗೆ ಹಾರಿದರೂ ಹೀಗಾಗುತ್ತದೆ. ಉಣಿಸಿದರೆ ಉಣ್ಣುತ್ತಾಳೆ, ಮಲಗಿಸಿದರೆ ಮಲಗುತ್ತಾಳೆ. ಇಪ್ಪತ್ತು ದಿನದ ಹಿಂದೆ ಇದೇ ಜಾಗದಲ್ಲಿ ದೋಣಿ ಮಗುಚಿತ್ತು. ಅಂದಿನಿಂದ ಅವಳ ಬಾಯಲ್ಲಿ ಒಂದು ಮಾತಿಲ್ಲ, ಕಣ್ಣು ಮಾತ್ರ ಮೆಕಾಂಗ್ ಹೊಳೆಯ ಮೇಲೆ.

“ಕೊಡಿ ಮಾವ, ನಾನು ಗೋರ್ತೀನಿ,” ಅಂದಳು ವಿಲೈವನ್. ಅವಳು ಒನ್‌ಸೀಯ ಅಣ್ಣನ ಮಗಳು, ಪಟ್ಟಣದ ಪ್ರವಾಸೋದ್ಯಮ ಕಚೇರಿಯಲ್ಲಿ ಕೆಲಸ. ಅತ್ತೆಯನ್ನು ನೋಡಲು ಬಂದವಳ ತೊಡೆಯ ಮೇಲೆ ಒಂದು ಹಾಳೆ. ‘ಲಾವೊಸ್‌ಗೆ ಬರಲು ಹತ್ತು ಕಾರಣಗಳು’ ಎಂಬ ತಲೆಬರಹ ಬಿಟ್ಟರೆ ಮೂರು ದಿನದಿಂದ ಅದು ಖಾಲಿ. ಮಾವ ಹಾಡುವುದನ್ನೇ ಬರೆದುಕೊಂಡರೆ ಕೆಲಸ ಮುಗಿಯಿತು ಎಂದು ಅವಳ ಯೋಚನೆ.

“ಬೇಡ ಮಗಳೇ. ಪದ ಕಟ್ಕೊಂಡು ಕೂತು, ಎದುರಿಗಿದ್ದ ಬಂಡೆ ನೋಡ್ದೆ ದೋಣಿ ಮಗುಚಿದೋನು ನಾನು. ನಾನೇ ಗೋರ್ಬೇಕು.”

ಅವನು ಹಾಡತೊಡಗಿದ. ಮೂವತ್ತು ಹಳ್ಳಿಗಳು ತಲೆದೂಗಿದ ಕಂಠ ಅದು. “ಬಾರೆ ಜೀವವೇ ಬಾರೆ! ಬಂಗಾರದ ಸ್ತೂಪ ಬಿಸಿಲಿಗೆ ಬೆಳಗಿದೆ, ಬಾರೆ! ಗವಿ ತುಂಬ ಸಾವಿರ ಬುದ್ಧರು ಕಣ್ಣು ಮುಚ್ಚಿ ಕಾದಿದ್ದಾರೆ, ಬಾರೆ! ದೇವಕಣಗಿಲೆ ಉದುರಿ ವಿಹಾರದ ಅಂಗಳ ಬೆಳ್ಳಗಾಗಿದೆ, ಆನೆಗಳು ಹೊಳೆಗಿಳಿದಿವೆ, ಬೆಟ್ಟದ ಮಂಜು ಉಕ್ಕಿದ ಹಾಲಿನ ಹಾಗೆ ಇಳಿದಿದೆ, ಬಾರೆ!” ಒಗೆಯುವ ಕೈಗಳು ನಿಂತವು. ಸಂಜೆಯ ಆಕಾಶವೆಲ್ಲ ನೀರಿಗೆ ಬಿದ್ದಿತ್ತು. ಹಾಡುತ್ತಾ ಹಾಡುತ್ತಾ ಅವನಿಗೆ ತಾನು ನಿಂತಿರುವುದು ಹೊಳೆಯಲ್ಲೋ ಮೋಡದಲ್ಲೋ ತಿಳಿಯದಾಯಿತು. ಅದೇ ಮಂಪರಿನಲ್ಲಿ ಬುಟ್ಟಿಯನ್ನು ನೀರಿನಲ್ಲಿ ಎಳೆದು, ತೊಟ್ಟಿಕ್ಕುತ್ತಿದ್ದ ಹಾಗೇ ತಂದು ಅವಳ ಮಡಿಲಿಗಿಟ್ಟ. ಪಕ್ಕದಲ್ಲಿದ್ದ ಬಟ್ಟಲಿನಿಂದ ಒಂದು ಚಿಟಿಕೆ ಅಂಟಕ್ಕಿ ತೆಗೆದು ಚಾಪೆಯ ಮೇಲೆ ಜೋಡಿ ಜೋಡಿಯಾಗಿ ಇಟ್ಟ. ಎಲ್ಲಕ್ಕೂ ಜೋಡಿ ಸಿಕ್ಕರೆ ಜೀವ ಬಂದ ಹಾಗೆ. ಕೊನೆಗೊಂದು ಕಾಳು ಒಂಟಿಯಾಗಿ ಉಳಿಯಿತು.

ಮತ್ತೆ ಹಾಡಿ, ಮತ್ತೆ ಗೋರಿ ತಂದು ಎಣಿಸಿದ. ಎರಡನೆಯ ಸಲವೂ ಒಂಟಿ ಕಾಳು. ನಲವತ್ತು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಆಗೆಲ್ಲ ಕಾಳು ಎಣಿಸುತ್ತಿದ್ದವಳೂ ಒನ್‌ಸೀಯೇ. ಪ್ರತಿ ಸಲವೂ ಜೋಡಿ ಕೂಡುತ್ತಿತ್ತು, ಪ್ರತಿ ಸಲವೂ ಅವನು ತನ್ನ ಹಾಡಿಗೆ ತಾನೇ ಬೀಗುತ್ತಿದ್ದ. ಮೂರು ಸಲ ಕರೆದರೂ ಬಾರದ ಜೀವವನ್ನು ಮತ್ತೆ ಕರೆಯುವ ಹಾಗಿಲ್ಲ. ಉಳಿದದ್ದು ಒಂದೇ ಸಲ.

“ಮಾವ, ತಪ್ಪು ತಿಳ್ಕೋಬೇಡಿ,” ವಿಲೈವನ್ ಮೆಲ್ಲಗೆ ಅಂದಳು. “ನೀವು ಹಾಡಿದ್ದು ಚೆನ್ನಾಗಿದೆ, ಎಲ್ಲಾ ಬರ್ಕೊಂಡೆ. ಆದ್ರೆ ಅದನ್ನೆಲ್ಲ ನೋಡೋಕೆ ಬರೋರು ನಾಲ್ಕು ದಿನ ಇದ್ದು ಹೋಗ್ಬಿಡ್ತಾರೆ. ಅತ್ತೆ ಉಳೀಬೇಕಲ್ವಾ?”

ಸಿಂಗ್‌ಖಾಮ್‌ಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಮತ್ತೆ ನೀರಿಗಿಳಿದ. ಈ ಸಲ ರಾಗ ಏಳಲಿಲ್ಲ.

“ಒನ್‌ಸೀ, ಹೇಳೋಕೆ ನಾಚಿಕೆ ಆಗುತ್ತೆ ಕಣೇ. ಅಂಟಕ್ಕಿ ನೆನೆಹಾಕೋದು ಮರೀತೀನಿ, ದಿನಾ ಕಲ್ಲಿನಂಥ ಅನ್ನ. ಬೆಳಿಗ್ಗೆ ಭಿಕ್ಷೆಗೆ ಬಂದ ಸ್ವಾಮಿಗಳ ಪಾತ್ರೆಗೂ ಅದನ್ನೇ ಹಾಕ್ದೆ, ಪಾಪ, ಅವ್ರ ಹಲ್ಲು ಏನಾಯ್ತೋ. ನಿನ್ನ ಮಗ್ಗದ ಮೇಲೆ ಹಂಸ ಅರ್ಧಕ್ಕೇ ನಿಂತಿದೆ, ಕತ್ತಿದೆ, ಬಾಲ ಇಲ್ಲ. ನಾನು ಕರೆದ್ರೆ ನಿನ್ನ ಕೋಳಿಗಳು ಗೂಡಿಗೆ ಬರಲ್ಲ. ಇಪ್ಪತ್ತು ದಿನ ಆಯ್ತು, ‘ಮುದುಕಪ್ಪಾ’ ಅಂತ ಯಾರೂ ನನ್ನ ಬೈದಿಲ್ಲ. ಸ್ತೂಪ ಎಲ್ಲಿಗೂ ಹೋಗಲ್ಲ ಕಣೇ, ನಿಧಾನಕ್ಕೆ ನೋಡಬಹುದು. ನಾನು ಹೋಗಿಬಿಡ್ತೀನಿ. ಅದಕ್ಕೇ ಬಾ.”

ದಡದಲ್ಲಿ ಯಾರೂ ನಗಲಿಲ್ಲ. ವಿಲೈವನ್ ಪೆನ್ನು ಕೆಳಗಿಟ್ಟಿದ್ದಳು. ಅವನು ಬುಟ್ಟಿ ತಂದು ಮಡಿಲಿಗಿಟ್ಟು, ಒದ್ದೆ ಬೆರಳಲ್ಲಿ ಅಕ್ಕಿ ಹಿಡಿದು, ಒಂದೊಂದೇ ಜೋಡಿ ಇಡುತ್ತಾ ಹೋದ. ಆರು ಜೋಡಿ ಕೂಡಿತು. ಪಕ್ಕದಲ್ಲಿ ಮತ್ತೆ ಒಂದು ಒಂಟಿ ಕಾಳು.

ಅವನು ಅಲ್ಲೇ ತಲೆ ಬಗ್ಗಿಸಿ ಕುಸಿದು ಕೂತ. ಇನ್ನು ಕರೆಯುವ ಹಾಗಿರಲಿಲ್ಲ.

ಚಾಪೆಯ ಮೇಲೆ ಒಂದು ಸುಕ್ಕುಗಟ್ಟಿದ ಕೈ ಸರಿದು ಬಂತು. ಒಂಟಿ ಕಾಳನ್ನು ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು, ಕಟಕ್ಕನೆ ಕಡಿದಳು ಒನ್‌ಸೀ.

“ಈಗ ಎಣಿಸು, ಮುದುಕಪ್ಪಾ,” ಅಂದಳು. “ನಲವತ್ತು ವರ್ಷದಿಂದ ನಾನು ಹೀಗೇ ಎಣಿಸ್ತಿರೋದು.”